ಡಬ್ಬಿಯ ನೀಲಿ

"ಬಾಯಿ ಬಿಡೇ! ಮೊಮ್ಮಗಳು ಸತ್ತಳಲ್ಲ, ಅದರಿಂದ ಏನು ಪಾಠ ಕಲಿತೆ? ಎಲ್ಲರೂ ಕಾಯ್ತಾ ಇದಾರೆ, ಹೇಳು!"

ಬೇಕರಿಯ ಒಲೆಯ ಬಾಯಿ ತೆರೆದೇ ಇತ್ತು. ಅಜ್ಜಿಯನ್ನು ಅದರ ಮುಂದೆ ನಿಲ್ಲಿಸಿದ್ದರು. ಬೆಳಗಿನ ಪಾಠಕ್ಕೆ ಉತ್ತರ ಕೊಡದವರು ಅಲ್ಲೇ ನಿಲ್ಲಬೇಕು, ಅದು ಯಜಮಾನರು ಮಾಡಿದ ಕಟ್ಟಳೆ. "ನರಕದ ಬಿಸಿ ಇಲ್ಲೇ ಸ್ವಲ್ಪ ತಾಕಿದ್ರೆ ಅಲ್ಲಿಗೆ ಹೋಗೋದು ತಪ್ಪುತ್ತೆ" ಎಂದು ನಗುತ್ತ ಹೇಳುವವರು ಅವರೇ. ಬೆನ್ನು ಕಾದು ಸೀರೆ ಮೈಗೆ ಅಂಟುತ್ತಿತ್ತು. ಮಗುವನ್ನು ಮಣ್ಣು ಮಾಡಿ ಬಂದು ಇನ್ನೂ ಕಾಲಿನ ಮಣ್ಣು ಆರಿರಲಿಲ್ಲ, ಪಾಠ ಕೇಳುತ್ತಾನೆ ಮಹಾನುಭಾವ!

ಬೇರೆ ಬೇಕರಿಗಳಲ್ಲಿ ಬೆಳಿಗ್ಗೆ ಹಿಟ್ಟು ನಾದುತ್ತಾರೆ. ಇಲ್ಲಿ ಮೊದಲು ಜನರನ್ನು ನಾದುತ್ತಿದ್ದರು. ಮೈದಾ ಮೂಟೆಗಳ ಮಧ್ಯೆ ಎಲ್ಲರೂ ನಿಲ್ಲಬೇಕು. ಯಜಮಾನರು ಬೆಳ್ಳನೆಯ ಅಂಗಿ ತೊಟ್ಟು, ಬೋರಲು ಹಾಕಿದ ಟ್ರೇ ಮೇಲೆ ಕೂತು, ದೇವರ ವಾಕ್ಯ ಒಂದನ್ನು ಓದುತ್ತಾರೆ. ಮಾರನೆಯ ದಿನ ಒಬ್ಬೊಬ್ಬರೂ ಆ ವಾಕ್ಯವನ್ನು ತಮ್ಮ ಬಾಳಿನಲ್ಲಿ ಹೇಗೆ ಬಳಸಿದೆವು ಎಂದು ಒಪ್ಪಿಸಬೇಕು. ಚರ್ಚಿನ ಸಭೆಯ ಹಿರಿಯರಲ್ಲವೇ ಅವರು, ಕೂಲಿಯವರ ಆತ್ಮದ ಹೊಣೆಯೂ ಅವರ ತಲೆಯ ಮೇಲೇ ಬಿದ್ದಿತ್ತು. "ಕರ್ತನಲ್ಲಿ ನಾವೆಲ್ಲ ಅಣ್ಣತಮ್ಮಂದಿರು. ಯಜಮಾನ್ರೇ ಅನ್ನಬೇಡಿ, ಬ್ರದರ್ ಅನ್ನಿ" ಎಂದು ಅಪ್ಪಣೆಯಾಗಿತ್ತು. ಬರಿಯ ಬ್ರದರ್ ಅನ್ನಲು ಯಾರಿಗೆ ಧೈರ್ಯ? ಹಾಗಾಗಿ ಎಲ್ಲರ ಬಾಯಲ್ಲೂ ಅವರು "ಬ್ರದರ್ ಯಜಮಾನ್ರು" ಆಗಿದ್ದರು.

"ಕೊಟ್ಟೋನು ಅವನೇ, ಕಿತ್ಕೊಂಡೋನೂ ಅವನೇ. ಅವನಿಗೆ ಸ್ತೋತ್ರ ಅನ್ನು" ಎಂದರು ಯಜಮಾನರು. "ಅಷ್ಟು ಹೇಳೋಕೆ ಏನು ರೋಗ ನಿಂಗೆ?"

"ಸ್ತೋತ್ರ" ಎಂದಳು ಅಜ್ಜಿ. ಗಂಟಲಿನಿಂದ ಬಂದದ್ದು ಮಾತೋ ಕೆಮ್ಮೋ ಯಾರಿಗೂ ತಿಳಿಯಲಿಲ್ಲ.

"ಹಾಂ, ನೋಡಿ! ನಿನ್ನೆ ಮಣ್ಣು ಮಾಡಿದ್ದಾಳೆ, ಇವತ್ತು ಸ್ತೋತ್ರ ಹೇಳ್ತಿದಾಳೆ. ಇದಕ್ಕೆ ನಂಬಿಕೆ ಅಂತಾರೆ. ಹೋಗಿ, ಕೆಲಸ ನೋಡಿ."

ಹಿಟ್ಟು ನಾದುವವನಿಗೆ ಎಲ್ಲರೂ ಹಿಟ್ಟಪ್ಪ ಎನ್ನುತ್ತಿದ್ದರು. ಅವನು ಅಜ್ಜಿಯ ರಟ್ಟೆ ಹಿಡಿದು ಒಲೆಯಿಂದ ಈಚೆಗೆ ಎಳೆದುಕೊಂಡ. "ಬೋಳಿಮಗ, ಗಾಯದ ಮೇಲೆ ಬರೆ ಎಳೀತಾನೆ" ಎಂದು ಹಲ್ಲು ಕಚ್ಚಿದ. "ಕೂತ್ಕೋ ಅತ್ತೆ, ಟ್ರೇ ನಾನು ತಿಕ್ತೀನಿ."

ಅಜ್ಜಿ ಕೂರಲಿಲ್ಲ. ಅವಳ ಕಣ್ಣು ಮೂಲೆಯ ಡಬ್ಬಿಯ ಮೇಲಿತ್ತು.

ಅವಳ ಕೆಲಸ ಕಸ ಗುಡಿಸುವುದು, ಟ್ರೇ ತಿಕ್ಕುವುದು. ಸಂಜೆ ಇನ್ನೊಂದು ಕೆಲಸ. ಮಾರಾಟವಾಗದೆ ಉಳಿದ ಬ್ರೆಡ್ಡು ಬನ್ನುಗಳನ್ನು ಹಿತ್ತಲಿನ ತೊಟ್ಟಿಗೆ ಸುರಿದು, ಬಕೆಟ್ಟಿನಲ್ಲಿ ನೀಲಿ ಕಲಸಿ ಮೇಲೆ ಹೊಯ್ಯಬೇಕು. "ಪುಕ್ಕಟೆ ಸಿಕ್ಕರೆ ಕಾಸು ಕೊಟ್ಟು ತಿನ್ನೋರು ಯಾರು?" ಇದು ಯಜಮಾನರ ಲೆಕ್ಕಾಚಾರ. ಮೊದಮೊದಲು ಅದು ಬಟ್ಟೆಗೆ ಹಾಕುವ ನೀಲಿಯೇ ಆಗಿತ್ತು. ಕೇರಿಯ ಮಕ್ಕಳು ತೊಟ್ಟಿಯೊಳಗೆ ಇಳಿದು, ಮೇಲಿನ ಸಿಪ್ಪೆ ಕಿತ್ತೆಸೆದು ಒಳಗಿನದ್ದು ತಿಂದು, ಒಬ್ಬರ ತುಟಿ ಒಬ್ಬರು ನೋಡಿ ಬಿದ್ದು ಬಿದ್ದು ನಗುತ್ತಿದ್ದವು. ಅಜ್ಜಿ ಬಯ್ಯುತ್ತಿದ್ದಳು, ಬೈದು ಆ ಕಡೆ ತಿರುಗಿಕೊಳ್ಳುತ್ತಿದ್ದಳು. ಬಣ್ಣ ತಾನೇ, ಹೊಟ್ಟೆ ತುಂಬುತ್ತಲ್ಲ ಎಂದುಕೊಂಡಿದ್ದಳು. ಇದು ಹೇಗೋ ಯಜಮಾನರ ಕಿವಿಗೆ ಬಿತ್ತು. ಅವರು ಹೊಸ ಡಬ್ಬಿ ತಂದರು. ಚೀಟಿ ಕಿತ್ತು ಹಾಕಿದ್ದ ತಗಡಿನ ಡಬ್ಬಿ.

"ಇದೂ ನೀಲೀನೇ. ಬಣ್ಣ ಸ್ವಲ್ಪ ಗಟ್ಟಿ, ಅಷ್ಟೇ" ಎಂದಿದ್ದರು ಅವತ್ತು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ ಅಜ್ಜಿ, ನಿನ್ನ ಕೈ ನೀಲಿ ಆದ್ರೂ ಮೊಸರು ಗ್ಯಾರಂಟಿ!"

ಆ ಡಬ್ಬಿ ಬಂದ ಮೇಲೆ ಅವಳ ಬೆರಳ ಸಂದುಗಳು ಬಿರಿದು ರಸಿಗೆ ಸೋರತೊಡಗಿದವು. ಆಮೇಲೆ ಒಂದು ಸಂಜೆ ಮೊಮ್ಮಗಳು ತೊಟ್ಟಿಯ ಕಡೆಯಿಂದ ಹೊಟ್ಟೆ ಹಿಡಿದುಕೊಂಡು ಬಂದಳು. ನೀಲಿ ನೀಲಿ ವಾಂತಿ ಮಾಡಿದಳು. ಆಸ್ಪತ್ರೆಯಲ್ಲಿ ಮುಖ ಎತ್ತಿ ನೋಡದೆಯೇ ವಾಂತಿಭೇದಿ ಅಂದರು. ಬೆಳಗಾಗುವುದರೊಳಗೆ ಅಜ್ಜಿಯ ಮಡಿಲಲ್ಲೇ ಮಗು ತಣ್ಣಗಾಯಿತು. ಮಣ್ಣಿಗೆ ಬಂದವರಿಗೆಂದು ಯಜಮಾನರು ಒಂದು ಬುಟ್ಟಿ ಬನ್ನು ಕಳಿಸಿಕೊಟ್ಟರು. ಬಿಸಿಬಿಸಿ ಬನ್ನು.

ಟ್ರೇ ತಿಕ್ಕುವುದು ಬಿಟ್ಟು ಅಜ್ಜಿ ಯಜಮಾನರ ಹಿಂದೆಯೇ ಹೋದಳು.

"ಬ್ರದರ್ ಯಜಮಾನ್ರೇ, ಒಂದು ಮಾತು. ಆ ಡಬ್ಬೀಲಿರೋದು ಏನು?"

ಅವರು ನಿಂತರು. "ಬಟ್ಟೆ ನೀಲಿ. ಹೇಳಿದ್ದೆನಲ್ಲ."

"ಬಟ್ಟೆ ನೀಲಿಗೆ ಕೈ ಹಿಂಗಾಗಲ್ಲ. ಮಗು ಹಂಗೆ ವಾಂತಿ ಮಾಡಲ್ಲ. ನಿಜ ಹೇಳಿ. ನನಗೆ ಬೇರೇನೂ ಬೇಡ. ಹೊಯ್ದೋಳು ನಾನು. ನಾನು ಏನು ಹೊಯ್ದೆ ಅಂತ ನನಗೆ ಗೊತ್ತಾಗ್ಬೇಕು."

"ಎಲಾ ಮುದುಕಿ! ನಿನ್ನ ಮನೆ ಪಾಪ ತಂದು ನನ್ನ ಡಬ್ಬಿಗೆ ಒರೆಸ್ತೀಯಾ? ಬಿಸಾಕಿದ್ರೂ ಅದು ನನ್ನ ಬ್ರೆಡ್ಡು. ಕೇಳ್ದೆ ತಿಂದ್ರೆ ಕಳ್ಳತನ. ಕದ್ದೋರಿಗೆ ದೇವರು ಏನು ಕೊಡ್ತಾನೋ ಕೊಟ್ಟ. ಇನ್ನೊಂದ್ಸಲ ಈ ಮಾತು ಎತ್ತಿದ್ರೆ ಪೊರಕೆ ಇಟ್ಟು ನಡಿ."

ಅಜ್ಜಿ ಪಾದ್ರಿಯ ಹತ್ತಿರ ಹೋದಳು. ಪಾದ್ರಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಕಣ್ಣು ಬಿಟ್ಟು ಹೇಳಿದರು: "ಅನುಮಾನ ಸೈತಾನ ಬಿತ್ತೋ ಬೀಜ ತಾಯಿ. ಅನ್ನ ಕೊಟ್ಟೋರ ಮೇಲೆ ಅದನ್ನ ಬೆಳೆಸ್ಬೇಡ."

ಮನೆಯಲ್ಲಿ ಮಗಳು ಬಚ್ಚಲ ಮುಂದೆ ಕೂತು ಯಜಮಾನರ ಮನೆಯ ಬಟ್ಟೆ ಒಗೆಯುತ್ತಿದ್ದಳು. ಆ ಬೆಳ್ಳನೆಯ ಅಂಗಿಗಳೆಲ್ಲ ಅವಳ ಕೈಯಿಂದಲೇ ಹೋಗಬೇಕು. ಸತ್ತದ್ದು ಅವಳ ಹೆತ್ತ ಮಗು, ಒಬ್ಬಳೇ ಮಗಳು. ಆದರೂ ಅಂಗಿಗಳು ಹೊತ್ತಿಗೆ ಸರಿಯಾಗಿ ಹೋಗಲೇಬೇಕಿತ್ತು. ಅಜ್ಜಿ ತಟ್ಟೆಗೆ ಅನ್ನ ಹಾಕಲು ಹೋದಾಗ ಮಗಳು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಆ ಕೈಯಲ್ಲಿ ನನಗೆ ಬಡಿಸ್ಬೇಡ."

"ನನಗೆ ಗೊತ್ತಿರ್ಲಿಲ್ಲ ಕಣೇ. ಅವನು ನೀಲಿ ಅಂದ."

"ಗೊತ್ತಿರ್ಲಿಲ್ವಾ, ಗೊತ್ತು ಮಾಡ್ಕೊಳ್ಳೋಕೆ ಇಷ್ಟ ಇರ್ಲಿಲ್ವಾ?" ಮಗಳು ತಲೆ ಎತ್ತಲೇ ಇಲ್ಲ. "ಕೈ ಬಿರಿದಾಗ ನಿಂಗೆ ಗೊತ್ತಾಗ್ಬೇಕಿತ್ತು."

ಅಲ್ಲಿಂದ ಅವಳು ತಾಯಿಯ ಜೊತೆ ಮಾತು ಬಿಟ್ಟಳು. ಅಜ್ಜಿಗೆ ನಿದ್ದೆ ಹೋಯಿತು, ಊಟ ಹೋಯಿತು. ಒಂದೇ ಒಂದು ಪ್ರಶ್ನೆ ಎದೆಯ ಮೇಲೆ ರುಬ್ಬುವ ಗುಂಡಿನಂತೆ ಕೂತಿತ್ತು. ವಿಷವೋ, ಅಲ್ಲವೋ? ನನ್ನ ಕೈಯೋ, ಅಲ್ಲವೋ? ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಯಾರಿಗಾದರೂ ತೋರಿಸೋಣವೆಂದರೆ ಅದು ಮಾರನೆಯ ದಿನವೇ ಮಾಯವಾಗಿತ್ತು. ಮೂಲೆಯಲ್ಲಿ ಹಳೆಯ ಬಟ್ಟೆ ನೀಲಿಯ ಪೊಟ್ಟಣ ಬಂದು ಕೂತಿತ್ತು.

ಆ ವಾರದ ಕೊನೆಗೆ ಯಜಮಾನರು ಒಬ್ಬ ರಾಜನ ಕಥೆ ಓದಿದರು. ಎಲ್ಲರಿಗೂ ಗೊತ್ತಿದ್ದ ಕಥೆಯೇ. ಒಂದು ಮಗು, ಅದು ನಂದು ನಂದು ಎಂದು ಕಿತ್ತಾಡುವ ಇಬ್ಬರು ಹೆಂಗಸರು. ಸಾಕ್ಷಿ ಹೇಳುವವರು ಯಾರೂ ಇಲ್ಲ. ರಾಜ ಕತ್ತಿ ತರಿಸಿ, ಮಗುವನ್ನು ಕಡಿದು ಅರ್ಧರ್ಧ ಹಂಚಿ ಎನ್ನುತ್ತಾನೆ. ಹೆತ್ತವಳು ಬೇಡ, ಅವಳಿಗೇ ಕೊಟ್ಟುಬಿಡಿ ಎಂದು ಕಿರುಚಿಕೊಳ್ಳುತ್ತಾಳೆ.

"ಇದನ್ನ ಬಾಳಲ್ಲಿ ಹೇಗೆ ಬಳಸ್ತೀರಿ?"

"ಇಬ್ಬರು ಹೆಂಗಸರ ಮಧ್ಯೆ ಹೋಗ್ಬಾರ್ದು ಬ್ರದರ್ ಯಜಮಾನ್ರೇ" ಎಂದ ಹಿಟ್ಟಪ್ಪ. ನಕ್ಕವರೆಲ್ಲ ಅವನ ಜೊತೆಗೇ ಒಲೆಯ ಮುಂದೆ ನಿಂತರು.

"ಮುಠ್ಠಾಳ್ರಾ! ಯಾವುದು ಯಾರದ್ದು ಅಂತ ತೀರ್ಮಾನ ಮಾಡೋನು ಮೇಲೆ ಕೂತಿರ್ತಾನೆ, ಕೆಳಗಿರೋರು ಬಾಯಿ ಮುಚ್ಕೊಂಡು ಒಪ್ಪಬೇಕು. ಅದು ಪಾಠ."

ಅಜ್ಜಿ ಕೈ ಎತ್ತಿದಳು. ಮಗು ಹೋದ ಮೇಲೆ ಪಾಠದಲ್ಲಿ ಅವಳಾಗಿ ಬಾಯಿ ತೆರೆದದ್ದು ಅವತ್ತೇ.

"ಆ ರಾಜ ನಿಜವಾಗ್ಲೂ ಕಡೀತಿದ್ನಾ ಬ್ರದರ್ ಯಜಮಾನ್ರೇ?"

"ಎಲ್ಲಾದ್ರೂ ಉಂಟಾ ಮಂಕೇ? ಕತ್ತಿ ಎತ್ತಿ ಹೆದರಿಸಿದ, ಅಷ್ಟೇ. ಕರುಳಿಗೆ ಹೆದರಿಕೆ ಹತ್ತಿದ್ರೆ ನಿಜ ತಾನಾಗೇ ಬಾಯಿಗೆ ಬರುತ್ತೆ."

"ಹೌದಾ" ಎಂದಳು ಅಜ್ಜಿ. "ಒಳ್ಳೇ ಪಾಠ."

ಭಾನುವಾರ ಸಭೆಯಲ್ಲಿ ಕರ್ತನ ಭೋಜನ, ಪಾದ್ರಿ ಬ್ರೆಡ್ಡು ಮುರಿದು ಎಲ್ಲರಿಗೂ ಹಂಚುವ ದಿನ. ಅದಕ್ಕೆ ಬೇಕಾದ ದುಂಡನೆಯ ದೊಡ್ಡ ಬ್ರೆಡ್ಡು ಯಜಮಾನರ ಕಾಣಿಕೆ. ಹಿಟ್ಟಪ್ಪ ಸುಡುತ್ತಾನೆ, ಅಜ್ಜಿ ಬಿಳಿ ಬಟ್ಟೆ ಮುಚ್ಚಿ ಹೊತ್ತುಕೊಂಡು ಹೋಗಿ ಪೀಠದ ಮೇಜಿನ ಮೇಲಿಟ್ಟು, ಹಿಂದಿನ ಬಾಗಿಲ ಹತ್ತಿರ ಕೂಲಿಯವರ ಜೊತೆ ನೆಲಕ್ಕೆ ಕೂರುತ್ತಾಳೆ. ಅವತ್ತು ಬೆಳಿಗ್ಗೆ ಅವಳು ಬ್ರೆಡ್ಡನ್ನು ಬೋರಲು ಹಾಕಿ, ತಳಕ್ಕೆ ತೂತು ಕೊರೆದು, ಸೊಂಟದಿಂದ ಒಂದು ಸಣ್ಣ ಸೀಸೆ ತೆಗೆದು ಒಳಗೆ ಸುರಿದಳು. ಹಿಟ್ಟಪ್ಪ ನೋಡಿದ. ನೋಡಿ, ಆ ಕಡೆ ತಿರುಗಿ ಖಾಲಿ ಮೂಟೆ ಕೊಡವತೊಡಗಿದ.

ಪಾದ್ರಿ ಪ್ರಾರ್ಥನೆ ಮುಗಿಸಿ ಬಟ್ಟೆ ಸರಿಸಿದರು. ಬ್ರೆಡ್ಡನ್ನು ಎರಡೂ ಕೈಯಲ್ಲಿ ಎತ್ತಿ ಮುರಿದರು. ಒಳಗೆಲ್ಲ ನೀಲಿ. ಅವರ ಬೆರಳುಗಳ ಸಂದಿನಿಂದ ನೀಲಿ ಮೇಜಿನ ಬಿಳಿ ಹಾಸಿನ ಮೇಲೆ ತೊಟ್ಟಿಕ್ಕಿತು. ಮುಂದಿನ ಸಾಲಿನ ಹೆಂಗಸರು "ಅಯ್ಯೋ ಕರ್ತನೇ" ಎಂದು ಬಾಯಿಗೆ ಕೈ ಇಟ್ಟುಕೊಂಡರು.

ಅಜ್ಜಿ ಎದ್ದು ನಡುವಿನ ದಾರಿಯಲ್ಲಿ ನಡೆದು ಬಂದಳು.

"ಗಾಬರಿ ಆಗ್ಬೇಡಿ ಅಯ್ಯನೋರೇ. ಬೇಕರೀಲಿ ದಿನಾ ಹಾಕ್ತಿದ್ದ ನೀಲಿ, ಬ್ರದರ್ ಯಜಮಾನ್ರು ಕೊಡ್ತಿದ್ದದ್ದು. ತಿಂದ್ರೆ ಏನೂ ಆಗಲ್ಲ ಅಂತ ಅವರೇ ಹೇಳಿದಾರೆ. ಮೊದಲ ತುಂಡು ಅವರಿಗೇ ಕೊಡಿ."

ಯಜಮಾನರು ಮೊದಲ ಸಾಲಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಅವರ ಮೊಮ್ಮಗಳು, ಮಣ್ಣಾದವಳ ಓರಗೆಯವಳೇ. ಅವರ ಮುಖ ಮೈದಾ ಹಿಟ್ಟಿನ ಬಣ್ಣಕ್ಕೆ ತಿರುಗಿತು. "ಹುಚ್ಚು ಹಿಡಿದಿದೆ ಇವಳಿಗೆ. ಎಳ್ಕೊಂಡು ಹೋಗಿ ಹೊರಗೆ!"

ಪಾದ್ರಿಗೆ ಗದ್ದಲ ಬೇಕಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಆ ಪೈಕಿ ಮನುಷ್ಯ. ಮೆಲ್ಲಗೆ ಒಂದು ತುಂಡು ಮುರಿದು ಮುಂದೆ ಹಿಡಿದರು. "ಬಣ್ಣ ತಾನೇ ಬ್ರದರ್. ನೀವೊಂದು ಚೂರು ಬಾಯಿಗೆ ಹಾಕ್ಕೊಂಡು ತೋರಿಸಿಬಿಡಿ, ಸಭೆಗೆ ಸಮಾಧಾನ ಆಗುತ್ತೆ."

ಯಜಮಾನರು ಕೈ ಚಾಚಲಿಲ್ಲ. ಚಾಚಿದ್ದು ತೊಡೆಯ ಮೇಲಿದ್ದ ಮಗು. ನೀಲಿ ಬ್ರೆಡ್ಡು ಅದು ಎಂದೂ ಕಂಡಿರಲಿಲ್ಲ, ಆಸೆಯಾಯಿತು. ಪಾದ್ರಿಯ ಕೈಯಿಂದ ಲಬಕ್ಕನೆ ಕಿತ್ತುಕೊಂಡು ಬಾಯಿಗೆ ಇಟ್ಟೇಬಿಟ್ಟಿತು.

"ಉಗಿ! ಉಗಿಯೇ!" ಯಜಮಾನರು ಮಗುವಿನ ಕೆನ್ನೆಗೆ ಫಟೀರನೆ ಬಾರಿಸಿದರು. ದವಡೆ ಅಮುಕಿ ಬಾಯೊಳಗೆ ಬೆರಳು ತುರುಕಿದರು. "ಮೈಲುತುತ್ತ ಕಣೇ ಅದು, ವಿಷ! ಸತ್ತೇಹೋಗ್ತೀಯ! ನೀರು ತನ್ನಿ, ಯಾರಾದ್ರೂ ನೀರು ತನ್ನಿ!"

ಮಗು ಕಿರುಚಿತು. ನೀರು ತರಲೂ ಯಾರೂ ಏಳಲಿಲ್ಲ.

ಅಜ್ಜಿ ಕೆಳಗೆ ಬಿದ್ದ ತುಂಡನ್ನು ಹೆಕ್ಕಿ ತನ್ನ ಬಾಯಿಗೆ ಹಾಕಿಕೊಂಡಳು. ಅಗಿದಳು, ನುಂಗಿದಳು. ಆಮೇಲೆ ಸೊಂಟದ ಸೀಸೆ ತೆಗೆದು ಪೀಠದ ಮೇಲಿಟ್ಟಳು.

"ನಿಮ್ಮ ಕೂಸಿಗೆ ಏನೂ ಆಗಲ್ಲ. ಇದು ಬಟ್ಟೆ ನೀಲಿ. ನಿಮ್ಮ ಅಂಗಿಗೆ ಹಾಕೋಕೆ ನನ್ನ ಮಗಳು ಇಟ್ಕೊಂಡಿರೋದು. ಮೈಲುತುತ್ತ ಅಂತ ನಾನು ಹೇಳ್ಲಿಲ್ಲ, ನೀವು ಹೇಳಿದ್ದು. ಪಾಠ ಹೇಗೆ ಬಳಸ್ದೆ ಅಂತ ನಾಳೆ ಕೇಳ್ತೀರಲ್ಲ ಬ್ರದರ್ ಯಜಮಾನ್ರೇ, ಇವತ್ತೇ ಒಪ್ಪಿಸ್ದೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ, ಸೂಳೆಮಗ!" ಹಿಂದಿನಿಂದ ಹಿಟ್ಟಪ್ಪನ ಕೂಗು ಗೋಡೆಗೆ ಬಡಿದು ಬಂತು.

ಪಾದ್ರಿ ಹಾಡುವವರ ಕಡೆ ಕೈ ಆಡಿಸಿದರು. "ಹಾಡಿ, ಹಾಡಿ, ಯಾವುದಾದ್ರೂ ಹಾಡಿ." ಹಾಡು ಶುರುವಾಯಿತು. ಮುಂದಿನ ಸಾಲಿನವರು ಪುಸ್ತಕ ತೆರೆದು ಅದರೊಳಗೆ ಮುಖ ಮುಚ್ಚಿಕೊಂಡು ಹಾಡಿದರು.

ಅಜ್ಜಿಗೆ ಉತ್ತರ ಸಿಕ್ಕಿತ್ತು. ಡಬ್ಬಿ ಅವನದು, ಹೊಯ್ದ ಕೈ ತನ್ನದು. ಬಿರಿದ ಬೆರಳುಗಳನ್ನು ಕಣ್ಣ ಮುಂದೆ ಹಿಡಿದು ಅಲ್ಲೇ ಪೀಠದ ಮೆಟ್ಟಿಲ ಮೇಲೆ ಕುಸಿದಳು. "ನಾನೇ ಕಣೇ ತಾಯಿ, ನಾನೇ ಹೊಯ್ದೆ" ಎಂದು ಸತ್ತ ಮಗುವಿಗೆ ಹೇಳಿಕೊಂಡು ಅತ್ತಳು. ಹಾಡಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಮಗಳು ಹಿಂದಿನ ಬಾಗಿಲಿಂದ ನಡೆದು ಬಂದಳು. ಹೊಡೆಯಲು ಬಂದಳೆಂದೇ ಅಜ್ಜಿ ತಲೆ ತಗ್ಗಿಸಿದಳು.

"ಅಮ್ಮ, ಕೈ ಕೊಡು."

ಮಗಳು ಬಾಯಿ ಬಿಟ್ಟು ಅಮ್ಮ ಎಂದು ಎಷ್ಟು ದಿನವಾಗಿತ್ತು! ಅಜ್ಜಿ ಕೈ ಕೊಟ್ಟಳು. ಮಗಳು ಅವಳನ್ನು ಎಬ್ಬಿಸಿ, ಮೇಜಿನ ಮೇಲಿದ್ದ ಒದ್ದೆ ಬ್ರೆಡ್ಡಿಗೆ ತಾಯಿಯ ಎರಡೂ ಅಂಗೈ ಒತ್ತಿಸಿದಳು. ಹಾಗೆಯೇ ಅವಳನ್ನು ನಡೆಸಿಕೊಂಡು ಯಜಮಾನರ ಮುಂದೆ ತಂದಳು. ಅವರು ಏಳಲು ನೋಡಿದರು. ಅಷ್ಟರಲ್ಲಿ ಹಿಟ್ಟಪ್ಪ ಹಿಂದಿನಿಂದ ಬಂದು ಹೆಗಲು ಹಿಡಿದು ಕೂರಿಸಿದ. ಹಿಟ್ಟು ನಾದಿ ಪಳಗಿದ ಕೈ, ಅಲ್ಲಾಡಲು ಬಿಡಲಿಲ್ಲ. ಮಗಳು ತಾಯಿಯ ಕೈಗಳನ್ನು ಆ ಬೆಳ್ಳನೆಯ ಅಂಗಿಯ ಎದೆಗೆ ಒತ್ತಿ ಹಿಡಿದಳು. ಹಾಡಿನ ಒಂದು ಚರಣ ಮುಗಿಯುವವರೆಗೂ ಹಿಡಿದೇ ಇದ್ದಳು.

"ಇದನ್ನ ನೀವೇ ಒಗ್ಕೊಳ್ಳಿ" ಎಂದಳು.

ತಾಯಿಮಗಳು ಬಾಗಿಲ ಕಡೆ ನಡೆದರು. ನೆಲದ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಏಳತೊಡಗಿದರು. ಮುಂದಿನ ಸಾಲಿನವರು ಎರಡನೆಯ ಚರಣ ಹಿಡಿದರು.