ಮನೆಗಾಡಿ ಘಟ್ಟ ಇಳಿದ ದಿನ

ಶಿವಕಾಂತಮ್ಮನಿಗೆ ಮನೆ ಅಂತ ಇದ್ದದ್ದು ಒಂದು ಗಾಡಿ. ಸಂಚಾರಿ ದವಾಖಾನೆಯ ದೊಡ್ಡ ವ್ಯಾನು ಅದು. ಹಿಂಭಾಗದಲ್ಲಿ ಒಂದು ಮಂಚ, ಸ್ಟೋವ್ ಇಡುವಷ್ಟು ಕಟ್ಟೆ, ನೀರಿನ ಟಾಕಿ, ಔಷಧದ ಕಪಾಟು ಎಲ್ಲ ಇದ್ದವು. ಹಳ್ಳಿಯವರು ಅದನ್ನು ಮನೆಗಾಡಿ ಅಂತಲೇ ಕರೆಯುತ್ತಿದ್ದರು. ಡಾಕ್ಟರ ಜಾಗ ಖಾಲಿ ಬಿದ್ದು ಎರಡು ವರ್ಷವಾಗಿತ್ತು. ಉಳಿದವರು ಇಬ್ಬರೇ, ನರ್ಸ್ ಶಿವಕಾಂತಮ್ಮ ಮತ್ತು ಡ್ರೈವರ್ ಲಾಲ್ ಅಹ್ಮದ್. ಆಕೆ ಗಾಡಿಯೊಳಗೆ ಮಲಗಿದರೆ ಆತ ಊರ ಶಾಲೆಯ ಕಟ್ಟೆಯ ಮೇಲೆ ಹಾಸಿಗೆ ಬಿಚ್ಚುತ್ತಿದ್ದ. ಏಳು ವರ್ಷ ಒಂದೇ ಗಾಡಿಯಲ್ಲಿ ತಿರುಗಿದರೂ ಆತ ಒಮ್ಮೆಯೂ ಆ ಮಂಚದ ಮೇಲೆ ಕುಳಿತವನಲ್ಲ.

ಎಪ್ಪತ್ತಾರನೆಯ ಇಸವಿಯ ಮಾಘ ಮಾಸ. ಚಿಂಚೋಳಿಯ ಆಚೆ ಕಾಡುಗುಡ್ಡದ ಮೇಲಿನ ಲಂಬಾಣಿ ತಾಂಡಾವೊಂದರಲ್ಲಿ ಮಕ್ಕಳಿಗೆ ಸೂಜಿ ಹಾಕುವ ಕೆಲಸ ಮುಗಿದಿತ್ತು. ಬೆಳಿಗ್ಗೆ ಹೊರಡುವಾಗ ಹಿಂದಿನ ಗಾಲಿಯೊಂದರ ಗಾಳಿ ಇಳಿದದ್ದು ಕಂಡಿತು. ಲಾಲ್ ಅಹ್ಮದ್ ಜಾಕ್ ಕೊಟ್ಟು ಗಾಲಿ ಬದಲಿಸಿದ. ಕೊನೆಯ ನಟ್ಟು ಬಿಗಿಯುವ ಹೊತ್ತಿಗೆ ಜಾಕಿನ ಬುಡದ ಮಣ್ಣು ಕುಸಿದು ಗಾಡಿ ಒಮ್ಮೆಲೇ ಕೂತಿತು. ಆತನ ಬಲಗಾಲು ಗಾಲಿಯ ಅಡಿಗೆ ಸಿಕ್ಕಿತು.

ತಾಂಡಾದ ಗಂಡಸರೆಲ್ಲ ಬಿದಿರು ಕಡಿಯಲು ಹೋಗಿದ್ದರು. ಹೆಂಗಸರೂ ಒಬ್ಬ ಮುದುಕನೂ ಸೇರಿ ಮತ್ತೆ ಜಾಕ್ ಏರಿಸಿ ಆತನನ್ನು ಎಳೆದರು. ಮೊಣಕಾಲಿನ ಕೆಳಗೆ ಎಲುಬು ಚೂರಾಗಿತ್ತು. ಶಿವಕಾಂತಮ್ಮ ಔಷಧದ ಪೆಟ್ಟಿಗೆಯ ಹಲಗೆ ಕಿತ್ತು ಕಾಲಿಗೆ ಆಧಾರ ಕೊಟ್ಟು ಬಿಗಿಯಾಗಿ ಕಟ್ಟಿದಳು. ರಕ್ತ ಬಟ್ಟೆ ದಾಟಿ ಬರುತ್ತಲೇ ಇತ್ತು.

"ಬಂಡಿ ಕಟ್ಟಿದ್ರ ಚಿಂಚೋಳಿ ಮುಟ್ಟೋದು ಕತ್ತಲಾಗ್ತದ," ಎಂದ ಮುದುಕ. ಬಸ್ಸು ಬರುವುದು ನಾಳೆ.

ಲಾಲ್ ಅಹ್ಮದ್ ಕಣ್ಣು ತೆರೆದು ಆಕೆಯನ್ನೇ ನೋಡಿದ. "ಬಾಯಿ, ಗಾಡಿ ನೀವೇ ಒಯ್ಯಬೇಕು."

"ನನಗೆಲ್ಲಿ ಬರ್ತದ ಭಾಯ್? ನಾಲವಾರ ಸ್ಟೇಷನ್ ಬಯಲಿನ್ಯಾಗ ನಾಕು ಸುತ್ತು ಹೊಡದದ್ದು ಅಷ್ಟೇ."

"ಅಷ್ಟು ಬಂದ್ರ ಸಾಕು. ಉಳಿದದ್ದು ನಾ ಹೇಳ್ತೀನಿ."

ಮಲಗಿದಲ್ಲಿಂದಲೇ ಆತ ಒಂದೊಂದಾಗಿ ಮಾಡಿಸಿದ. ಟಾಕಿಯ ನೀರೆಲ್ಲ ಚೆಲ್ಲಿಸಿದ. ತಿರುವಿನಲ್ಲಿ ನೀರು ಹೊಯ್ದಾಡಿ ಗಾಡಿಯನ್ನು ಒಂದು ಕಡೆಗೆ ಎಳೆಯುತ್ತದಂತೆ. ಕಪಾಟಿಗೆ ಹಗ್ಗ ಕಟ್ಟಿಸಿದ, ಸ್ಟೋವಿನ ಎಣ್ಣೆ ತೆಗೆಸಿದ. ಜೊತೆಗೆ ಬರುತ್ತೇವೆಂದ ಇಬ್ಬರು ಹೆಂಗಸರನ್ನು ಬೇಡವೆಂದ. "ಭಾರ ಹೆಚ್ಚಾದಷ್ಟು ಗಾಡಿ ಹಿಂದಿಂದ ದಬ್ಬತದ್ರಿ." ಆಮೇಲೆ ಆತನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ಅಷ್ಟು ನೋವಿನಲ್ಲೂ, "ನಿಮ್ಮ ಹಾಸಿಗಿ ಹೊಲಸಾಗ್ತದ ಬಾಯಿ," ಅಂದ.

ಆಕೆ ಸ್ಟೇರಿಂಗ್ ಹಿಡಿದಳು. ಬೆನ್ನ ಹಿಂದಿನ ಸಣ್ಣ ಕಿಟಕಿಯಿಂದ ಆತನ ದನಿ ಬರುತ್ತಿತ್ತು.

"ಒಂದನೇ ಗೇರಿಗೆ ಹಾಕ್ರಿ. ತಳ ಮುಟ್ಟೋತನಕ ಅದನ್ನ ಬದಲಿ ಮಾಡಬ್ಯಾಡ್ರಿ. ಕ್ಲಚ್ ಒತ್ತಬ್ಯಾಡ್ರಿ."

ರಸ್ತೆ ಬಾಗಿ ಇಳಿಯತೊಡಗಿತು. ಎಡಕ್ಕೆ ಕೆಂಪು ಗುಡ್ಡದ ಮೈ, ಬಲಕ್ಕೆ ಬರಿ ಆಕಾಶ. ಇಂಜಿನ್ನು ಕಿವಿ ಹರಿಯುವಂತೆ ಚೀರಿತು.

"ಭಾಯ್, ಭಾಳ ಸಪ್ಪಳ ಮಾಡಾಕತ್ತದ!"

"ಮಾಡ್ಲಿ. ಅದೇ ಗಾಡಿ ಹಿಡದದ. ಬ್ರೇಕ್ ಒತ್ರಿ, ಬಿಡ್ರಿ. ಒತ್ತಿ ಹಿಡೀಬ್ಯಾಡ್ರಿ."

ಒಂದು ತಿರುವು, ಎರಡು ತಿರುವು. "ಒತ್ರಿ... ಬಿಡ್ರಿ..." ಎನ್ನುವ ದನಿ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ತೆಳ್ಳಗಾಗುತ್ತಿತ್ತು. ಮೂರನೆಯ ತಿರುವಿನಲ್ಲಿ ಅದು ಬರಲೇ ಇಲ್ಲ.

"ಭಾಯ್?"

ಹಿಂತಿರುಗಿ ನೋಡುವ ಹಾಗಿರಲಿಲ್ಲ. ಇಷ್ಟು ವರ್ಷ ಆತನ ದನಿ ಇರದ ರಸ್ತೆಯನ್ನು ಆಕೆ ಕಂಡಿರಲೇ ಇಲ್ಲ. ಹೆದರಿಕೆಗೆ ಕಾಲು ತನಗೆ ತಾನೇ ಬ್ರೇಕಿನ ಮೇಲೆ ಊರಿಕೊಂಡಿತು. ಎಷ್ಟು ದೂರ ಹಾಗೆ ಇಳಿದಳೋ, ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಪೆಡಲು ಮೆತ್ತಗಾಗಿ ಒಳಕ್ಕೆ ಇಳಿಯತೊಡಗಿತು. ಆಕೆ ಗಾಡಿಯನ್ನು ಗುಡ್ಡದ ಕಡೆಗೆ ಹೊರಳಿಸಿದಳು. ಗಾಡಿಯ ಮೈ ಮಣ್ಣಿನ ದಿಬ್ಬಕ್ಕೆ ಉಜ್ಜಿಕೊಂಡು ಗರಗರ ಸದ್ದು ಮಾಡುತ್ತ ನಿಂತಿತು. ಇಳಿದು ಓಡಿ ನಾಲ್ಕು ಗಾಲಿಗೂ ಕಲ್ಲು ಕೊಟ್ಟಳು.

ಆತನ ನಾಡಿ ಸಿಕ್ಕಿತು; ಸಣ್ಣಗೆ ಓಡುತ್ತಿತ್ತು. ಕಟ್ಟನ್ನು ಇನ್ನಷ್ಟು ಬಿಗಿ ಮಾಡಿ ಹೊರಗೆ ಬಂದಳು. ಗಾಲಿಯ ಒಳಗಿಂದ ಹೊಗೆ. ಕುಡಿಯುವ ನೀರಿನ ಕೊಡ ಎತ್ತಿಕೊಂಡವಳು ಹಾಗೆಯೇ ನಿಂತಳು. ಕಾದ ಬ್ರೇಕಿಗೆ ನೀರು ಸುರಿದರೆ ಒಡೆದು ಹೋಗುತ್ತದೆಂದು ಆತ ಯಾರಿಗೋ ಬೈದದ್ದು ನೆನಪಿತ್ತು. ತಾನಾಗಿಯೇ ಆರಬೇಕು. ಅದಕ್ಕೆ ಅರ್ಧ ತಾಸು ಬೇಕು. ಆತನಿಗೆ ಅರ್ಧ ತಾಸು ಉಳಿದಿದೆಯೋ ಇಲ್ಲವೋ, ಆಕೆಗೆ ತಿಳಿಯದು.

ಮೇಲೆ ಕೆಳಗೆ ಒಂದು ಜೀವ ಕಾಣದು. ಆಕೆ ಮಂಚದ ಪಕ್ಕ ನೆಲಕ್ಕೆ ಕುಳಿತು ಆತನ ತುಟಿಗೆ ನೀರು ಮುಟ್ಟಿಸಿದಳು. ಸುಮ್ಮನಿರಲಾಗದೆ ಮಾತಾಡತೊಡಗಿದಳು. ಏನು ಮಾತಾಡಬೇಕು? ಏಳು ವರ್ಷದಲ್ಲಿ ಆಡಿದ್ದೆಲ್ಲ ರಸ್ತೆಯ ಮಾತು, ಔಷಧದ ಮಾತು.

"ಭಾಯ್, ವರ್ಷಕ್ಕೊಮ್ಮೆ ನಾ ರಜಾ ಹಾಕಿ ಮುಧೋಳಕ ಅಣ್ಣ-ವೈನಿ ಮನೀಗೆ ಹೋಗ್ತೀನಿ ಅಂತಿದ್ದೆನಲ್ಲ. ಅದು ಸುಳ್ಳು. ಒಮ್ಮೆ ಹೋಗಿದ್ದೆ, ವೈನಿ ಹೊರಗೇ ನಿಂದ್ರಿಸಿ ಮಾತಾಡಿದಳು. ಮತ್ತ ಹೋಗಿಲ್ಲ. ವಾಡಿ ಸ್ಟೇಷನ್ ಬಾಕಿನ ಮ್ಯಾಲೆ ಎರಡು ದಿನ ಕುಂತು ಬರ್ತಿದ್ದೆ. ಬಂದು ಅಣ್ಣ ಹಂಗಂದ, ವೈನಿ ಹಿಂಗಂದಳು ಅಂತ ನಿಮಗ ಹೇಳತಿದ್ದೆ."

ಬಹಳ ಹೊತ್ತಿನ ಮೇಲೆ ಆತನ ತುಟಿ ಅಲುಗಿತು. "ನಂಗ ಗೊತ್ತಿತ್ತು."

ಆಕೆ ಬೆಚ್ಚಿದಳು.

"ಮೂರು ವರ್ಷದ ಹಿಂದ ನೋಡಿದ್ದೆ. ಮಗಳನ್ನ ರೈಲುಗಾಡಿ ಹತ್ತಿಸಾಕ ವಾಡಿಗಿ ಬಂದಿದ್ದೆ. ಬಾಕಿನ ಮ್ಯಾಲೆ ನೀವು ಶೇಂಗಾ ತಿನ್ನಾಕತ್ತಿದ್ರಿ. ಕರೀಲಿಲ್ಲ. ನಿಮಗ ನಾಚಿಕಿ ಆಗ್ತದಂತ..." ಮಾತು ಅಲ್ಲಿಗೇ ನಿಂತಿತು. ಕಣ್ಣು ಮತ್ತೆ ಮುಚ್ಚಿಕೊಂಡವು.

ಶಿವಕಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು. ಗಾಲಿಯ ಹತ್ತಿರ ಕೈ ಹಿಡಿದು ನೋಡಿದಳು, ಬಿಸಿ ಇಳಿದಿತ್ತು. ಪೆಡಲು ಒತ್ತಿದಳು; ಗಟ್ಟಿಯಾಗಿತ್ತು. ಕಲ್ಲು ತೆಗೆದು, ಒಂದನೇ ಗೇರಿನಲ್ಲಿ ಮತ್ತೆ ಇಳಿಯತೊಡಗಿದಳು. ಈಗ ಇಂಜಿನ್ನು ಚೀರಿದರೆ ಧೈರ್ಯವೇ ಆಗುತ್ತಿತ್ತು. ಒತ್ತು, ಬಿಡು ಎಂದು ತಾನೇ ಗಟ್ಟಿಯಾಗಿ ಹೇಳಿಕೊಂಡಳು. ಕೊನೆಯ ತಿರುವಿನಲ್ಲಿ ಬಿದಿರು ತರಲು ಮೇಲೆ ಬರುತ್ತಿದ್ದ ಖಾಲಿ ಬಂಡಿಯೊಂದು ಎದುರಾಯಿತು. ಆಕೆ ಹಾರ್ನ್ ಒತ್ತಿ ಹಿಡಿದಳು. ಬಂಡಿಯವನು ಎತ್ತುಗಳ ಮೂಗುದಾರ ಹಿಡಿದು ದಿಬ್ಬದ ಬದಿಗೆ ಎಳೆದುಕೊಂಡ. ಸ್ಟೇರಿಂಗ್ ಹಿಂದೆ ಸೀರೆಯುಟ್ಟ ಹೆಂಗಸು ಕಂಡು ಅವನ ಬಾಯಿ ತೆರೆದೇ ಉಳಿಯಿತು.

ಚಿಂಚೋಳಿ ದವಾಖಾನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ಆಕೆಗೆ ಸ್ಟೇರಿಂಗಿನಿಂದ ಕೈಬೆರಳು ಬಿಡಿಸಲು ಬರಲಿಲ್ಲ. ಕಂಪೌಂಡರ್ ಬಂದು ಬಿಡಿಸಿದ.

ಲಾಲ್ ಅಹ್ಮದ್ ಉಳಿದ. ಗುಲಬರ್ಗಾದಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ನೌಕರಿ ಬಿಟ್ಟು ಶಹಾಬಾದಿನ ಮಗಳ ಮನೆ ಸೇರಿದ. ಹೊಸ ಡ್ರೈವರ್ ಬರಲಿಲ್ಲ. ಗಾಡಿಯನ್ನು ಜಿಲ್ಲೆಯವರು ಒಯ್ದರು. ಶಿವಕಾಂತಮ್ಮನನ್ನು ನಾಲವಾರಕ್ಕೆ ಹಾಕಿದರು. ಅಲ್ಲಿ ಆಕೆಗೆ ಅಲುಗಾಡದ ಒಂದು ಕೋಣೆ ಸಿಕ್ಕಿತು. ಮೊದಮೊದಲು ಆಕೆಗೆ ಅದರಲ್ಲಿ ನಿದ್ದೆಯೇ ಹತ್ತಲಿಲ್ಲ.

ಬೇಸಿಗೆಯಲ್ಲಿ ಒಂದು ಭಾನುವಾರ ಶಹಾಬಾದಿಗೆ ಹೋದಳು. ಮಗಳು ತಾಜುನ್ನಿಸಾ ಕೈಹಿಡಿದು ಒಳಗೆ ಕರೆದು, ಹೊಸ ಜಮಖಾನೆ ಹಾಸಿ, ಕಲ್ಲಂಗಡಿ ಹೆಚ್ಚಿ ಕೊಟ್ಟಳು. ಲಾಲ್ ಅಹ್ಮದ್ ಗೋಡೆಗೆ ಒರಗಿ ಕುಳಿತಿದ್ದ, ಗಡ್ಡ ಬೆಳ್ಳಗಾಗಿತ್ತು.

"ನಾಲವಾರದಾಗ ನೀರಿಗಿ ಛಲೋ ಅದ ಏನ್ರಿ?"

"ಅದ ಭಾಯ್. ಛಲೋ ಅದ."

ಅಷ್ಟೇ. ಕಣ್ಣ ಮುಂದೆ ರಸ್ತೆ ಇಲ್ಲದೆ ಮಾತು ಮುಂದೆ ಹೋಗಲಿಲ್ಲ. ಇಬ್ಬರೂ ಬಾಗಿಲಿನಾಚೆ ಬಿಸಿಲನ್ನು ನೋಡುತ್ತ ಕುಳಿತರು. ಹೊರಟಾಗ ಆತ ಎದ್ದು ನಿಲ್ಲಲು ನೋಡಿದ. ಆಕೆ "ಕುಂದ್ರಿ, ಕುಂದ್ರಿ," ಅಂದಳು.

ಸಂಜೆಯ ಪ್ಯಾಸೆಂಜರಿನಲ್ಲಿ ಎದುರು ಕುಳಿತ ಮುದುಕಿ ಅಡಕೆ ಕತ್ತರಿಸುತ್ತ ಕೇಳಿದಳು: "ಶಹಾಬಾದಿನ್ಯಾಗ ನಿಮ್ಮ ಮಂದಿ ಇದ್ದಾರೇನವ್ವಾ?"

ಶಿವಕಾಂತಮ್ಮ ಕಿಟಕಿಯಾಚೆಯ ಕಲ್ಲುಗಣಿಗಳನ್ನು ನೋಡಿದಳು.

"ಇದ್ದಾರ," ಅಂದಳು.