ಕಾಯಿ ಹೊರುವ ಗಾಡಿ

ಕಾಳಯ್ಯ ತುಮಕೂರಿನ ಬಟವಾಡಿಯ ಒಂದು ವೆಲ್ಡಿಂಗ್ ಶಾಪಿನಲ್ಲಿ ಕೆಲಸಕ್ಕಿದ್ದ. ಮನೆ ಗುಬ್ಬಿಯಲ್ಲಿ. ಅವನ ಹೆಂಡತಿ ಸಿದ್ದಗಂಗಮ್ಮ ತೆಂಗಿನ ತೋಟಗಳಲ್ಲಿ ಕಾಯಿ ಹೊರುತ್ತಿದ್ದಳು. ಕಿತ್ತು ಕೆಡವಿದ ಕಾಯಿಗಳನ್ನು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು, ಲಾರಿ ನಿಲ್ಲುವ ಜಾಗದಲ್ಲಿ ರಾಶಿ ಹಾಕುವ ಕೆಲಸ. ಐದು ಜನ ಹೆಂಗಸರು ಒಟ್ಟಿಗೆ ಹೋಗುತ್ತಿದ್ದರು. ಅವರಿಗೆಲ್ಲ ಹಿರಿಯಳು ಪಕ್ಕದ ಮನೆಯ ಶಕುಂತಲಮ್ಮ. ಸಿದ್ದಗಂಗಮ್ಮನನ್ನು ಈ ಕೆಲಸಕ್ಕೆ ಸೇರಿಸಿದವಳೂ ಅವಳೇ.

ಹೊತ್ತು ಹೊತ್ತು ಸಿದ್ದಗಂಗಮ್ಮನ ಕತ್ತು ಒಂದು ಕಡೆಗೆ ತಿರುಗದಂತಾಯಿತು. ಡಾಕ್ಟರು ತಲೆ ಮೇಲೆ ಭಾರ ಇಡಲೇಬಾರದು ಅಂದರು.

ಅದೇ ಹೊತ್ತಿಗೆ ಕುಣಿಗಲ್ ಕಡೆಯ ಒಂದು ಮುಚ್ಚಿಹೋದ ರೆಸಾರ್ಟಿನ ಸಾಮಾನು ಗುಜರಿಗೆ ಬಂತು. ಅದರಲ್ಲಿ ಹುಲ್ಲು ಕತ್ತರಿಸುವ ಗಾಡಿಯೊಂದಿತ್ತು, ಪುಟ್ಟ ಟ್ರ್ಯಾಕ್ಟರಿನ ಹಾಗೆ ಸೀಟಿನ ಮೇಲೆ ಕೂತು ಓಡಿಸುವಂಥದ್ದು. ಕಾಳಯ್ಯ ಅದನ್ನು ಮನೆಗೆ ತಂದ. ಅಡಿಯಲ್ಲಿದ್ದ ಬ್ಲೇಡುಗಳನ್ನು ಬಿಚ್ಚಿ ಎಸೆದ. ಭಾರ ಎಳೆದರೆ ಬೆಲ್ಟು ಜಾರುತ್ತಿತ್ತು, ಅದನ್ನು ತೆಗೆದು ಹಳೇ ಆಟೋದ ಗೇರ್‌ಬಾಕ್ಸ್ ಕೂರಿಸಿದ. ಹಿಂದಕ್ಕೊಂದು ಟ್ರೇಲರ್ ಕಟ್ಟಿದ. ಕಾಯಿ ತುಂಬಿ ಏರು ಹತ್ತಿಸಿದರೆ ಮುಂದಿನ ಚಕ್ರಗಳೇ ನೆಲ ಬಿಟ್ಟು ಎದ್ದವು.

"ಮುಂದುಕ್ಕೂ ಒಸಿ ಭಾರ ಹಾಕು ಮತ್ತೆ" ಅಂದಳು ಸಿದ್ದಗಂಗಮ್ಮ. ಕಾಳಯ್ಯ ಗಾಡಿಯ ಮೂತಿಯ ಹತ್ತಿರ ಕಾಂಕ್ರೀಟು ಸುರಿದ. ಗಾಡಿ ಮಾತು ಕೇಳಿತು.

ಮೊದಮೊದಲು ತೋಟದಲ್ಲಿ ನಗುವೋ ನಗು. ನಾಲ್ವರು ತುಂಬುತ್ತಿದ್ದರು, ಸಿದ್ದಗಂಗಮ್ಮ ಓಡಿಸುತ್ತಿದ್ದಳು. ವಾಪಸು ಬರುವಾಗ ಶಕುಂತಲಮ್ಮ ಖಾಲಿ ಟ್ರೇಲರಿನಲ್ಲಿ ಕಾಲು ಚಾಚಿ ಕೂತು, "ಕಾರಲ್ಲಿ ಹೋದಂಗೈತೆ ಕಣೇ" ಅನ್ನುತ್ತಿದ್ದಳು.

ಅವರಿಗೆ ಕೂಲಿ ಕೊಡುತ್ತಿದ್ದ ಕಾಯಿ ವ್ಯಾಪಾರಿ ಪರಮಶಿವಯ್ಯ ಕೈಕಟ್ಟಿ ನಿಂತು ನೋಡಿದ. ಸಂಜೆ ಸಿದ್ದಗಂಗಮ್ಮನನ್ನು ಪಕ್ಕಕ್ಕೆ ಕರೆದ.

"ಓಡ್ಸೋಕೆ ನೀನು, ತುಂಬೋಕೆ ಒಬ್ಬ ಆಳು. ಸಾಕು. ಮಿಕ್ಕೋರಿಗೆ ನಾಳೆಯಿಂದ ಬರ್ಬೇಡಿ ಅಂತ ನೀನೇ ಹೇಳ್ಬುಡು."

"ನಾನಾ? ನಾನ್ ಹೆಂಗ್ ಹೇಳ್ಲಿ ಸಾವ್ಕಾರ್ರೆ? ಗಾಡೀನ ಒಬ್ಬೊಬ್ರೂ ಸರದಿ ಮೇಲೆ ಓಡುಸ್ತೀವಿ ಬುಡಿ."

"ಅದೆಲ್ಲ ಆಗಾಕಿಲ್ಲ."

ದಾರಿಯಲ್ಲಿ ಅವಳು ಎಲ್ಲರಿಗಿಂತ ಹಿಂದೆ ನಡೆದಳು. ಶಕುಂತಲಮ್ಮನ ಮನೆ ಬಾಗಿಲಲ್ಲಿ ಸಾವ್ಕಾರರ ಮಾತು ಹೇಳಿದಳು. ಶಕುಂತಲಮ್ಮ "ನಿನ್ ಗಂಡ ಒಳ್ಳೇ ಕೆಲಸಗಾರ" ಎಂದಷ್ಟೇ ಹೇಳಿ ಒಳಗೆ ಹೋದಳು.

ಸಿದ್ದಗಂಗಮ್ಮ ಗಂಡನ ಮುಂದೆ ಅತ್ತಳು. "ಗಾಡಿ ಬ್ಯಾಡ. ಬಿಚ್ಚಾಕು."

"ನಿನಗೋಸ್ಕರ ತಾನೆ ಮಾಡಿದ್ದು? ಪರಮಶಿವಯ್ಯನೋರು ಇದನ್ನೂ ತಗೊಂತಾರಂತೆ, ಇನ್ನೆರಡು ಬೇಕಂತವ್ರೆ. ಜನ ನನ್ನ ಹುಡ್ಕೊಂಡ್ ಬರ್ತಿರೋದು ಇದೇ ಮೊದಲು ಕಣೇ!"

ಅವನ ಮುಖದಲ್ಲಿ ಅಷ್ಟು ಖುಷಿಯನ್ನು ಅವಳು ಎಂದೂ ಕಂಡಿರಲಿಲ್ಲ. ಕಣ್ಣೊರೆಸಿಕೊಂಡು ಅವನಿಗೆ ಅನ್ನ ಬಡಿಸಿದಳು. ಗಾಡಿ ಮಾರಾಟವಾಯಿತು.

ಮರುದಿನ ತೋಟಕ್ಕೆ ಹೋದರೆ ಸೀಟಿನ ಮೇಲೆ ಪರಮಶಿವಯ್ಯನ ತಂಗಿಯ ಮಗ ರಂಗನಾಥ್ ಕೂತಿದ್ದ. "ನೀನು ತುಂಬಮ್ಮ" ಅಂದ. ಅವಳು ಬಗ್ಗಿ ಬಗ್ಗಿ ಒಂದು ಲೋಡು ತುಂಬಿದಳು. ಗಾಡಿ ಅತ್ತ ಹೋಗುತ್ತಲೇ ಸೀರೆಯ ಸೆರಗು ಕೊಡವಿಕೊಂಡು ಮನೆಗೆ ನಡೆದಳು.

ಶಕುಂತಲಮ್ಮನೂ ಉಳಿದವರೂ ಅಷ್ಟರಲ್ಲಿ ತುಮಕೂರಿನ ಶೆಟ್ಟಿಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಿದ್ದರು. ಬೆಳಿಗ್ಗೆ ತುಮಕೂರು ಬಸ್ಸಿಗೆ ಕಾದು ನಿಂತವರ ಹತ್ತಿರ ಸಿದ್ದಗಂಗಮ್ಮ ಹೋದಳು.

"ಅಕ್ಕ, ನಂಗೂ ಅಲ್ಲೊಂದು ಕೆಲ್ಸ ಕೇಳ್ತೀಯಾ?"

"ಕೇಳ್ತೀನಿ ಬುಡು" ಅಂದಳು ಶಕುಂತಲಮ್ಮ, ಬಸ್ಸು ಬರುವ ಕಡೆಗೇ ನೋಡುತ್ತ.

ಕೆಲವು ದಿನಗಳ ಮೇಲೆ ಅದೇ ಬೀದಿಯ ಪ್ರೇಮಲತಾ ಹೊಸದಾಗಿ ಮಂಟಪದ ಕೆಲಸಕ್ಕೆ ಸೇರಿ, ಆ ಹೆಂಗಸರ ಜೊತೆ ಬಸ್ಸು ಹತ್ತತೊಡಗಿದಳು. ಅಲ್ಲಿ ಇನ್ನೂ ಜನ ಬೇಕಾಗಿದ್ದಾರೆ ಎಂದು ಸಿದ್ದಗಂಗಮ್ಮನಿಗೆ ಯಾರೂ ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.