ಸಂಜೆ ಆಟದ ಬೆಳಕು

ಅಕ್ಕ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದಳು. ಛಾವಣಿಯಿಂದ ಒಂದು ಹಿಡಿ ಗಾರೆ ಅವಳ ಮಗ್ಗುಲಲ್ಲೇ ಉದುರಿತು. ಭುಜ ಕೊಡವಿಕೊಂಡಳು, ಅಷ್ಟೆ.

“ಮುಂದಿನ ಸಲ ನೆತ್ತಿ ಮೇಲೇ ಬೀಳುತ್ತೆ ಕಣೇ. ಬಾ, ಹೋಗೋಣ,” ಎಂದ ತಮ್ಮ.

“ಇರೋ, ಬೆಳಕು ಬರ್ಲಿ.”

ಪಾಳುಬಿದ್ದ ಚಿತ್ರಮಂದಿರ. ಪರದೆಯಿದ್ದ ಗೋಡೆಯನ್ನು ಅತ್ತಿಮರದ ಬೇರು ತಬ್ಬಿ ತಬ್ಬಿಯೇ ಸೀಳಿತ್ತು. ಮುಂದಿನ ಸಾಲುಗಳಲ್ಲಿ ಹುಲ್ಲಿನದೇ ಹೌಸ್‌ಫುಲ್. ಅಕ್ಕನಿಗೆ ಅದ್ಯಾವುದೂ ಬೇಕಿರಲಿಲ್ಲ. ಬೇಕಾಗಿದ್ದದ್ದು ಬಾಗಿಲ ಬಳಿಯ ತುಕ್ಕುಹಿಡಿದ ಸ್ಟೂಲು. ಅಪ್ಪ ಅದರ ಮೇಲೆ ಕೂತು ಜೀವಮಾನವಿಡೀ ಟಿಕೆಟ್ ಹರಿದಿದ್ದ. ಅವನು ತೀರಿಕೊಂಡ ಮೇಲೆ ಅಕ್ಕ ತನ್ನ ಫೋಟೋ ಸ್ಟುಡಿಯೋಕ್ಕೆ ಬೀಗ ಜಡಿದು, ಟ್ರೈಪಾಡಿನ ಕಾಲುಗಳಿಗೆ ಇಲ್ಲಿ ಸೀಮೆಸುಣ್ಣದ ಗುರುತಿಟ್ಟು, ಅದೇ ಸ್ಟೂಲಿನ ಚಿತ್ರವನ್ನು ಬೆಳಗಿನ, ಮಧ್ಯಾಹ್ನದ, ಸಂಜೆಯ ಬೆಳಕಿನಲ್ಲಿ ದಿನವೂ ತೆಗೆಯುತ್ತಿದ್ದಳು. ಗಿರಾಕಿಗಳು ಬೈದುಕೊಂಡು ಬೇರೆಯವರನ್ನು ಹುಡುಕಿಕೊಂಡರು. ತಮ್ಮ ಹೇಳಿ ಹೇಳಿ ಸೋತ. ಛಾವಣಿ ಅವಳ ಮೇಲೆ ಕುಸಿಯುವ ಮೊದಲು ಹೆದರಿಸಿಯಾದರೂ ಓಡಿಸುವುದೆಂದು ಇವತ್ತು ಬಂದಿದ್ದ. ಕಂಡವರ ದನಿಯನ್ನೆಲ್ಲ ಕದ್ದು ಅಣಕಿಸುವ ಅವನು ಅಪ್ಪನದೊಂದನ್ನು ಮಾತ್ರ ಇಷ್ಟು ದಿನ ಮುಟ್ಟಿರಲಿಲ್ಲ.

“ನಾನು ಹೊರಗಿರ್ತೀನಿ,” ಎಂದವನು ಹೋಗಿ ಬೇರಿನ ಹಿಂದೆ ಅಡಗಿದ.

ಬಿರುಕಿನಿಂದ ಜಾರಿದ ಹಳದಿ ಬೆಳಕು ಸ್ಟೂಲಿನ ಮೇಲೆ ಕೂತಿತು. ಅಕ್ಕ ಉಸಿರು ಬಿಗಿಹಿಡಿದಳು. ತಮ್ಮ ಗಂಟಲಿಗೆ ಅಪ್ಪನ ಸಿಗರೇಟಿನ ಕೆಮ್ಮು ತಂದುಕೊಂಡ.

“ಏಯ್! ಆಟ ಮುಗೀತು. ಟಿಕೆಟ್ ಇಲ್ದೇ ಎಷ್ಟ್ ಹೊತ್ತಮ್ಮಾ ಇರೋದು? ನಡಿ, ಮನೆಗ್ ನಡಿ!”

ಟ್ರೈಪಾಡ್ ದಡಾರನೆ ಉರುಳಿತು. ಬಾವಲಿಗಳೆದ್ದವು. ಅಕ್ಕ ಕಿರುಚಲಿಲ್ಲ, ಓಡಲೂ ಇಲ್ಲ. ತಮ್ಮ ಇಣುಕಿ ಹುಳ್ಳಗೆ ನಕ್ಕ. ಅವಳೂ ನಕ್ಕಳು, ಹೊಟ್ಟೆ ಹಿಡಿದುಕೊಂಡು, ಮತ್ತಷ್ಟು ಗಾರೆ ಉದುರುವ ಹಾಗೆ. ಅವನ ನಗು ಯಾವಾಗ ನಿಂತಿತೋ ಅವನಿಗೇ ತಿಳಿಯಲಿಲ್ಲ.

“ಅದೇ ಕೆಮ್ಮು ಕಣೋ! ಥೂ ಕಳ್ಳ, ಎಲ್ಲಿ ಬಚ್ಚಿಟ್ಟಿದ್ದೆ ಇಷ್ಟು ದಿನ?”

“ಅಕ್ಕಾ, ಕ್ಯಾಮೆರಾ ಒಡೆದುಹೋಯ್ತು.”

“ಹೋಗ್ಲಿ ಬಿಡು.” ಬಳ್ಳಿ ಸರಿಸಿ ಕೊನೆ ಸಾಲಿನ ಕುರ್ಚಿಯಲ್ಲಿ ಕೂತಳು. “ನಾಳೆಯಿಂದ ನೀನೂ ಬಾ. ಈಗ ಇನ್ನೊಂದ್ಸಲ, ಕೆಮ್ಮಿಂದ ಶುರು ಮಾಡು.”

ಅವನು ಛಾವಣಿಯನ್ನೊಮ್ಮೆ ನೋಡಿದ. ಕೆಮ್ಮಿದ. ಸ್ಟೂಲಿನ ಮೇಲಿನ ಬೆಳಕು ಆಗಲೇ ಎದ್ದುಹೋಗಿತ್ತು. ಕೊನೆಯ ಸಾಲಿನಲ್ಲಿ ಅಕ್ಕ ಒಬ್ಬಳೇ, ಇಡೀ ಚಿತ್ರಮಂದಿರ ತುಂಬಿದ ಹಾಗೆ ನಗುತ್ತಿದ್ದಳು.